ಶಿಲೀಂಧ್ರದ ಆರ್‌ಎನ್‌ಎ ಗಿಡದ ರಕ್ಷಣೆಯನ್ನು ಅಡಗಿಸುತ್ತದೆಯೆ? : ಒಂದು ವಿಮರ್ಶೆ

ಎಂ.ಎಸ್ಸಿ. ವಿದ್ಯಾರ್ಥಿಗಳ ಕೈಗೆ ಗೈಗರ್ ಕೌಂಟರ್ ಕೊಡುವ ದಿನ ನಾನು ಮೊದಲು ಹೇಳುವ ಮಾತು ಇದು: "ವಿಕಿರಣ ಮೂಲ ಪೆಟ್ಟಿಗೆಯಲ್ಲೇ ಇರಲಿ. ಮೊದಲು ಬರಿಯ ಕೌಂಟರನ್ನು ಓಡಿಸಿ ಎಷ್ಟು ಎಣಿಕೆ ಬರುತ್ತದೆಂದು ಬರೆದುಕೊಳ್ಳಿ." ಮೂಲವೇ ಇಲ್ಲದಿದ್ದರೂ ಕೌಂಟರ್ ಸುಮ್ಮನಿರುವುದಿಲ್ಲ. ಗೋಡೆಯ ಕಲ್ಲಿನಿಂದ, ನೆಲದಿಂದ, ಆಕಾಶದಿಂದ ಬರುವ ವಿಕಿರಣ ಅದನ್ನು ಟಿಕ್ ಟಿಕ್ ಎನ್ನಿಸುತ್ತಲೇ ಇರುತ್ತದೆ. ಈ ಹಿನ್ನೆಲೆ ಎಣಿಕೆಯನ್ನು ಕಳೆಯದೆ ಬರೆದ ಉತ್ತರಕ್ಕೆ ನಮ್ಮಲ್ಲಿ ಅಂಕವಿಲ್ಲ.

ಸಸ್ಯರೋಗ ವಿಜ್ಞಾನದಲ್ಲಿ ಈಗ ನಡೆಯುತ್ತಿರುವ ಒಂದು ವಿವಾದವನ್ನು ಓದುವಾಗ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಪಾಠ. ಶಿಲೀಂಧ್ರವು ತನ್ನ ಪುಟ್ಟ ಆರ್‌ಎನ್‌ಎ ತುಣುಕುಗಳನ್ನು ಗಿಡದ ಜೀವಕೋಶದೊಳಕ್ಕೆ ಕಳುಹಿಸಿ, ಗಿಡದ ರಕ್ಷಣಾ ಜೀನುಗಳನ್ನು ಮೌನಗೊಳಿಸಿ, ನಿರಾತಂಕವಾಗಿ ಸೋಂಕು ಹರಡುತ್ತದೆ ಎಂಬುದು 2013ರಲ್ಲಿ ಪ್ರಕಟವಾದ ವಾದ. ಅಂಥ ಪಾತ್ರಕ್ಕೆ ಪುರಾವೆಯೇ ಸಿಗಲಿಲ್ಲ ಎಂಬುದು 2023ರ ಪ್ರತಿವಾದ. ನಾನು ಜೀವವಿಜ್ಞಾನಿಯಲ್ಲ. ಆದರೆ ಅಳತೆ ಎಂದರೇನು, ಒಂದು ಪ್ರಯೋಗದಿಂದ ಎಷ್ಟನ್ನು ಹೇಳಬಹುದು ಎಂಬುದು ಎಲ್ಲ ವಿಜ್ಞಾನಗಳಿಗೂ ಸೇರಿದ ಪ್ರಶ್ನೆ. ಆ ದೃಷ್ಟಿಯಿಂದ ಈ ಎರಡೂ ಲೇಖನಗಳನ್ನು ಇಲ್ಲಿ ಪರಿಶೀಲಿಸಿದ್ದೇನೆ.

ಜೀನು ಮೌನವಾಗುವುದೆಂದರೆ

ಜೀನಿನಲ್ಲಿರುವ ಮಾಹಿತಿ ಮೊದಲು ಸಂದೇಶವಾಹಕ ಆರ್‌ಎನ್‌ಎಗೆ ನಕಲಾಗುತ್ತದೆ. ಅದನ್ನು ಓದಿ ಜೀವಕೋಶ ಪ್ರೋಟೀನು ತಯಾರಿಸುತ್ತದೆ. ನಡುವೆ ಸಂದೇಶವನ್ನೇ ಕತ್ತರಿಸಿಬಿಟ್ಟರೆ ಜೀನು ಇದ್ದೂ ಇಲ್ಲದಂತಾಗುತ್ತದೆ. 1990ರಲ್ಲಿ ಪೆಟೂನಿಯ ಹೂವಿನ ಬಣ್ಣ ಗಾಢವಾಗಲೆಂದು ಬಣ್ಣದ ಜೀನಿನ ಇನ್ನೊಂದು ಪ್ರತಿಯನ್ನು ಸೇರಿಸಿದಾಗ ಅನೇಕ ಗಿಡಗಳಲ್ಲಿ ಹೂ ಬೆಳ್ಳಗಾಯಿತು. 1992ರಲ್ಲಿ ನ್ಯೂರೋಸ್ಪೋರ ಎಂಬ ಶಿಲೀಂಧ್ರದಲ್ಲಿಯೂ ಇಂಥದೇ ವಿದ್ಯಮಾನ ಕಂಡಿತು. ಇದರ ಗುಟ್ಟು ತಿಳಿದದ್ದು 1998ರಲ್ಲಿ. ಜೋಡಿ ಎಳೆಯ ಆರ್‌ಎನ್‌ಎಯನ್ನು ಪುಟ್ಟ ದುಂಡುಹುಳುವಿಗೆ ಚುಚ್ಚಿದರೆ ಅದಕ್ಕೆ ಹೊಂದುವ ಜೀನು ಮೌನವಾಗುತ್ತದೆಂದು ಆಂಡ್ರೂ ಫೈರ್, ಕ್ರೇಗ್ ಮೆಲ್ಲೊ ಮತ್ತು ಸಂಗಡಿಗರು ತೋರಿಸಿದರು. ಇದಕ್ಕಾಗಿ 2006ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು.

ಕೆಲಸ ನಡೆಯುವ ಬಗೆ ಹೀಗಿದೆ. ಡೈಸರ್ ಎಂಬ ಕಿಣ್ವ ಉದ್ದನೆಯ ಜೋಡಿ ಎಳೆಯನ್ನು ಇಪ್ಪತ್ತೊಂದು, ಇಪ್ಪತ್ತೆರಡು ಅಕ್ಷರಗಳಷ್ಟು ಉದ್ದದ ತುಣುಕುಗಳಾಗಿ ಕತ್ತರಿಸುತ್ತದೆ. ಇವೇ ಕಿರು ಆರ್‌ಎನ್‌ಎಗಳು. ಆರ್ಗೊನಾಟ್ ಎಂಬ ಪ್ರೋಟೀನು ಒಂದು ತುಣುಕನ್ನು ಹಿಡಿದುಕೊಂಡು ಅದಕ್ಕೆ ಹೊಂದುವ ಸಂದೇಶಗಳನ್ನು ಹುಡುಕುತ್ತದೆ. ಸಿಕ್ಕ ಸಂದೇಶ ತುಂಡಾಗುತ್ತದೆ, ಇಲ್ಲವೆ ಅದರ ಓದು ನಿಲ್ಲುತ್ತದೆ. ಗಿಡಗಳು ಇದೇ ಯಂತ್ರದಿಂದ ವೈರಸ್‌ಗಳನ್ನೂ ಎದುರಿಸುತ್ತವೆ.

2013ರ ವಾದ

ಬೊಟ್ರೈಟಿಸ್ ಸಿನೇರಿಯ ಬೂದು ಬೂಷ್ಟು ರೋಗದ ಶಿಲೀಂಧ್ರ. ದ್ರಾಕ್ಷಿ, ಸ್ಟ್ರಾಬೆರಿ, ಟೊಮೇಟೊ, ಗುಲಾಬಿ ಸೇರಿದಂತೆ 200ಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ಇದು ಕಾಡುತ್ತದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನ ಹೈಲಿಂಗ್ ಜಿನ್ ಅವರ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಮೂರು ಮುಖ್ಯ ಸಾಕ್ಷ್ಯಗಳನ್ನು ಕೊಟ್ಟಿತು. ಒಂದು, ಸೋಂಕು ತಗುಲಿದ ಅರಾಬಿಡಾಪ್ಸಿಸ್ ಗಿಡದ ಆರ್ಗೊನಾಟ್-1 ಪ್ರೋಟೀನನ್ನು ಬೇರ್ಪಡಿಸಿ ನೋಡಿದರೆ ಅದಕ್ಕೆ ಶಿಲೀಂಧ್ರದ ಕಿರು ಆರ್‌ಎನ್‌ಎಗಳು ಅಂಟಿಕೊಂಡಿದ್ದವು. ಎರಡು, ಆರ್ಗೊನಾಟ್-1 ಕುಂದಿದ ಗಿಡಕ್ಕೆ ರೋಗ ಕಡಿಮೆ ತಗುಲಿತು. ಮೂರು, ಡೈಸರ್ ಬಗೆಯ ಎರಡೂ ಜೀನುಗಳನ್ನು ತೆಗೆದ ಶಿಲೀಂಧ್ರ ದುರ್ಬಲವಾಗಿತ್ತು.

ಲೇಖಕರು ಹಿನ್ನೆಲೆ ಎಣಿಕೆಯನ್ನು ಮರೆತಿದ್ದರೆಂದು ಹೇಳಲಾಗದು. ಆರ್ಗೊನಾಟ್-1 ಕುಂದಿದರೆ ಗಿಡದ ಬೆಳವಣಿಗೆಯೇ ವಿಕಾರವಾಗುತ್ತದೆ. ರೋಗ ಕಡಿಮೆಯಾದದ್ದು ಆ ವಿಕಾರದಿಂದಲೇ ಇರಬಾರದೇಕೆ? ಇದಕ್ಕೆ ಅವರು ಅಂಥದೇ ವಿಕಾರವುಳ್ಳ ಇನ್ನೊಂದು ರೂಪಾಂತರಿ ಗಿಡವನ್ನು ಪರೀಕ್ಷಿಸಿದರು. ಅದಕ್ಕೆ ರೋಗ ಹೆಚ್ಚಾಗಿಯೇ ತಗುಲಿತು. ಆಕ್ಷೇಪವನ್ನು ಮೊದಲೇ ಊಹಿಸಿ ಮಾಡಿದ ಈ ಹೋಲಿಕೆ ಮೆಚ್ಚತಕ್ಕದ್ದು.

ಆದರೂ ಒಂದು ದೌರ್ಬಲ್ಯ ಉಳಿಯುತ್ತದೆ. ಆರ್ಗೊನಾಟ್-1 ಗಿಡದ ನೂರಾರು ಜೀನುಗಳ ಮೇಲ್ವಿಚಾರಕ. ಡೈಸರ್ ಶಿಲೀಂಧ್ರದ ಸ್ವಂತ ಮನೆವಾರ್ತೆಯನ್ನೂ ನೋಡಿಕೊಳ್ಳುತ್ತದೆ. ಇವುಗಳನ್ನು ತೆಗೆಯುವುದೆಂದರೆ ರೇಡಿಯೋದ ಒಂದು ಬಿಡಿಭಾಗದ ಕೆಲಸ ತಿಳಿಯಲು ವಿದ್ಯುತ್ ಸರಬರಾಜನ್ನೇ ಕತ್ತರಿಸಿದಂತೆ. ಸದ್ದು ನಿಂತಿತು ಎಂಬುದು ನಿಜ. ಯಾವ ಭಾಗ ಕೆಲಸ ಮಾಡದೆ ನಿಂತಿತು ಎಂಬುದಕ್ಕೆ ಅದು ಉತ್ತರವಲ್ಲ.

2023ರ ಪ್ರತಿವಾದ

ನೆದರ್ಲೆಂಡ್ಸಿನ ವಾಗನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು ಟೊಮೇಟೊ ಗಿಡದಲ್ಲಿ ಇದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡರು. ಗಣಕಯಂತ್ರದಿಂದ ಲೆಕ್ಕ ಹಾಕಿದಾಗ ಶಿಲೀಂಧ್ರದ 7042 ಕಿರು ಆರ್‌ಎನ್‌ಎಗಳು ಟೊಮೇಟೊದ 3185 ಸಂದೇಶಗಳಿಗೆ ಹೊಂದಬಹುದೆಂದು ಕಂಡಿತು. ಅವುಗಳ ಪೈಕಿ 163 ಜೀನುಗಳ ಸಂದೇಶ ಸೋಂಕಿನ ಆರಂಭದಲ್ಲಿ ನಿಜವಾಗಿಯೂ ಕಡಿಮೆಯಾಗಿತ್ತು.

ಈ ಸಂಖ್ಯೆಯ ಮುಂದೆ ಓದುಗರು ಸ್ವಲ್ಪ ನಿಲ್ಲಬೇಕು. "ಶಿಲೀಂಧ್ರ ಮೌನಗೊಳಿಸಿದ 163 ಜೀನುಗಳು" ಎಂದು ಶೀರ್ಷಿಕೆ ಕೊಡುವುದು ಬಲು ಸುಲಭ. ಆದರೆ 3185ರಲ್ಲಿ 163 ಎಂದರೆ ನೂರಕ್ಕೆ ಸುಮಾರು 5. ಸೋಂಕು ತಗುಲಿದ ಗಿಡದಲ್ಲಿ ಯಾರ ಹಂಗೂ ಇಲ್ಲದೆ ಸಾವಿರಾರು ಜೀನುಗಳು ಏರಿಳಿಯುತ್ತವೆ. ಟೊಮೇಟೊದ ಸುಮಾರು 35,000 ಜೀನುಗಳಿಂದ ಕಣ್ಣುಮುಚ್ಚಿ 3185ನ್ನು ಆರಿಸಿದರೂ ಅವುಗಳಲ್ಲಿ ಕೆಲವು ಇಳಿದೇ ಇರುತ್ತವೆ. ಆ ಕುರುಡು ಆಯ್ಕೆಯಲ್ಲಿ ಇಳಿದವು ಎಷ್ಟು? ಅದೇ ಇಲ್ಲಿನ ಹಿನ್ನೆಲೆ ಎಣಿಕೆ. ಅದು 20 ಆಗಿದ್ದರೆ 163 ದೊಡ್ಡ ಸುದ್ದಿ. ಅದು 160 ಆಗಿದ್ದರೆ ಸುದ್ದಿಯೇ ಇಲ್ಲ.

ವಾಗನಿಂಗನ್ ತಂಡ ಸಂಖ್ಯೆಯ ಬಳಿಯೇ ನಿಲ್ಲದೆ ಮೂಲವನ್ನೇ ಎತ್ತಿ ಪಕ್ಕಕ್ಕಿಟ್ಟಿತು. ಕಿರು ಆರ್‌ಎನ್‌ಎಗಳಲ್ಲಿ ಸುಮಾರು ಶೇ. 10ರಷ್ಟನ್ನು ಹುಟ್ಟಿಸುವ, ಜಿಗಿಯುವ ಜೀನುಗಳ ಒಂದು ಪ್ರದೇಶವನ್ನು ಅಳಿಸಿತು. ಬೇರೆ ತಳಿಗಳಲ್ಲಿ ಡೈಸರ್ ಬಗೆಯ ಎರಡೂ ಜೀನುಗಳನ್ನು ಅಳಿಸಿತು. ಆಗ ಜಿಗಿಯುವ ಜೀನುಗಳಿಂದ ಬರುವ ಕಿರು ಆರ್‌ಎನ್‌ಎ ಶೇ. 99ಕ್ಕೂ ಹೆಚ್ಚು ಇಳಿಯಿತು. 2013ರ ಲೇಖನ ಬೊಟ್ಟುಮಾಡಿದ ತುಣುಕುಗಳಲ್ಲಿಯೂ ಹೆಚ್ಚಿನವು ಇಂಥ ಮೂಲದವೇ. ಆದರೆ ಪರೀಕ್ಷಿಸಿದ ಯಾವ ಜಾತಿಯ ಗಿಡದ ಮೇಲೂ ಈ ಶಿಲೀಂಧ್ರಗಳ ರೋಗಕಾರಕ ಶಕ್ತಿ ಗಣನೀಯವಾಗಿ ಕುಗ್ಗಲಿಲ್ಲ. ಮೂಲ ತೆಗೆದರೂ ಕೌಂಟರಿನ ಎಣಿಕೆ ಹಾಗೇ ಉಳಿಯಿತು.

ಒಂದೇ ಬಗೆಯ ರೂಪಾಂತರಿ ಒಂದು ಪ್ರಯೋಗಶಾಲೆಯಲ್ಲಿ ದುರ್ಬಲ, ಇನ್ನೊಂದರಲ್ಲಿ ಸಬಲ. ಇದು ಅಭಿಪ್ರಾಯಭೇದವಲ್ಲ, ಅಳತೆಯ ಭೇದ. ಭೌತಶಾಸ್ತ್ರದಲ್ಲಿ ಇಂಥ ಸಂದರ್ಭ ಬಂದಾಗ ಇಬ್ಬರೂ ತಮ್ಮ ಮಾದರಿಗಳನ್ನು ಅದಲುಬದಲು ಮಾಡಿಕೊಂಡು ಅಳೆಯಬೇಕೆಂದು ನಾವು ಕೇಳುತ್ತೇವೆ. ಇಲ್ಲಿಯೂ ಕೇಳಬೇಕಾದದ್ದು ಅದನ್ನೇ.

ಪ್ರತಿವಾದಕ್ಕೂ ಮಿತಿಯುಂಟು

ಹಾಗೆಂದು 2023ರ ಲೇಖನ ಎಲ್ಲವನ್ನೂ ಮುಗಿಸಿಬಿಟ್ಟಿತೆಂದು ತಿಳಿಯಬಾರದು. ಅದರ ಮಾಪಕ ಎಲೆಯ ಮೇಲಿನ ಕೊಳೆತ ಮಚ್ಚೆ. ಅದು ಎಷ್ಟು ಸೂಕ್ಷ್ಮವಾದ ಮಾಪಕ? ಬೊಟ್ರೈಟಿಸ್‌ನ ಬತ್ತಳಿಕೆಯಲ್ಲಿ ಹಲವು ವಿಷಗಳೂ ಕಿಣ್ವಗಳೂ ಇವೆ. ಜರ್ಮನಿಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಗಿಡಕ್ಕೆ ವಿಷವಾಗುವ ವಸ್ತುಗಳಿಗೆ ಸಂಬಂಧಿಸಿದ ಹನ್ನೆರಡು ಜೀನುಗಳನ್ನು ಒಂದೇ ಶಿಲೀಂಧ್ರದಿಂದ ತೆಗೆದರೂ ಅದು ಕುಗ್ಗಿದ ಶಕ್ತಿಯಲ್ಲೇ ಗಿಡವನ್ನು ಕೊಳೆಸಬಲ್ಲದಾಗಿತ್ತು. ಹೀಗಿರುವಾಗ ಒಂದೇ ಆಯುಧ ಹೋದದ್ದನ್ನು ಮಚ್ಚೆಯ ಅಗಲ ತೋರಿಸದೇ ಹೋಗಬಹುದು. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಉಂಗುರದ ತೂಕ ಕಾಣಲಿಲ್ಲವೆಂದರೆ ಉಂಗುರಕ್ಕೆ ತೂಕವಿಲ್ಲವೆಂದು ಅರ್ಥವಲ್ಲ.

2013ರ ತಂಡಕ್ಕೆ ಸೇರಿದವರ ಕಡೆಯಿಂದಲೂ ಉತ್ತರ ಬಂದಿದೆ. ಟೊಮೇಟೊದ ಆರ್ಗೊನಾಟ್-1ಕ್ಕೂ ಶಿಲೀಂಧ್ರದ ಕಿರು ಆರ್‌ಎನ್‌ಎಗಳು ಅಂಟಿಕೊಳ್ಳುತ್ತವೆಂದು ಅವರು ತೋರಿಸಿದ್ದಾರೆ. ಇವು ಪುಟ್ಟ ಕೊಬ್ಬಿನ ಚೀಲಗಳಲ್ಲಿ ಪಯಣಿಸಿ ಗಿಡದ ಕೋಶವನ್ನು ಹೊಗುತ್ತವೆಂಬ ವರದಿ 2023ರಲ್ಲಿ ಬಂದಿತು. ಗಿಡವೂ ಇಂಥದೇ ಚೀಲಗಳಲ್ಲಿ ತನ್ನ ಕಿರು ಆರ್‌ಎನ್‌ಎಯನ್ನು ಶಿಲೀಂಧ್ರಕ್ಕೆ ಕಳುಹಿಸುತ್ತದೆಂದು 2018ರಲ್ಲೇ ಜಿನ್ ತಂಡ ವರದಿ ಮಾಡಿತ್ತು.

ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಈ ಸಾಹಿತ್ಯದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದರೊಳಗೊಂದು ಕರಗಿಹೋಗಿವೆ. ಮೊದಲನೆಯದು, ಶಿಲೀಂಧ್ರದ ಆರ್‌ಎನ್‌ಎ ಗಿಡದ ಕೋಶವನ್ನು ತಲುಪುತ್ತದೆಯೆ? ಎರಡನೆಯದು, ತಲುಪಿದ್ದು ಅಲ್ಲಿನ ಜೀನನ್ನು ಮೌನಗೊಳಿಸುತ್ತದೆಯೆ? ಮೂರನೆಯದು, ಹಾಗೆ ಮೌನವಾದದ್ದರಿಂದ ರೋಗ ಹೆಚ್ಚುತ್ತದೆಯೆ? ಮೊದಲನೆಯದಕ್ಕೆ ಸಾಕ್ಷ್ಯ ಬಲವಾಗಿದೆ. ಎರಡನೆಯದಕ್ಕೆ ಕೆಲವು ಜೀನುಗಳ ಮಟ್ಟಿಗೆ ಸಾಕ್ಷ್ಯವಿದೆ. ಮೂರನೆಯದು ತೆರೆದೇ ಇದೆ. ಮೊದಲನೆಯದಕ್ಕೆ ಸಿಕ್ಕ 'ಹೌದು' ಎಂಬ ಉತ್ತರವನ್ನು ಮೂರನೆಯದಕ್ಕೆ ದಾಟಿಸುವುದು ತರ್ಕದೋಷ. ಮೂರನೆಯದಕ್ಕೆ ಸಿಕ್ಕ 'ಇಲ್ಲ'ವನ್ನು ಮೊದಲನೆಯದಕ್ಕೆ ದಾಟಿಸುವುದೂ ಅಷ್ಟೇ ದೋಷ.

ಎರಡನೆಯ ಪ್ರಶ್ನೆಗೆ ಗಟ್ಟಿ ಉತ್ತರ ಬೇಕಾದರೆ ಲೆಕ್ಕ ಬೇಕು. ಒಂದು ಜೀವಕೋಶಕ್ಕೆ ಎಷ್ಟು ಅಣುಗಳು ಬಂದವು? ಅಲ್ಲಿ ಎಷ್ಟು ಸಂದೇಶಗಳಿದ್ದವು? ಸಾಮಾನ್ಯವಾಗಿ ಕೊಡುವ ಅಂಕಿ 'ಹತ್ತು ಲಕ್ಷ ಓದುಗಳಲ್ಲಿ ಇಷ್ಟು' ಎಂಬುದು. ಅದು ಅನುಪಾತ, ಪ್ರಮಾಣವಲ್ಲ. ಪಾತ್ರೆಯ ಗಾತ್ರ ಹೇಳದೆ ಉಪ್ಪು ಶೇಕಡ ಎಷ್ಟಿದೆ ಎಂದಷ್ಟೇ ಹೇಳಿದರೆ ಎಷ್ಟು ಚಮಚ ಉಪ್ಪು ಬಿತ್ತೆಂದು ಯಾರಿಗೂ ತಿಳಿಯದು.

ಸಲಕರಣೆಯೇ ರಕ್ಷಣೆಯನ್ನು ಎಬ್ಬಿಸಿದರೆ

ಈ ಕ್ಷೇತ್ರದಲ್ಲಿ ಇನ್ನೊಂದು ತೊಡಕಿದೆ. ವಿದ್ಯುತ್ ಮಂಡಲಕ್ಕೆ ಅಮ್ಮೀಟರ್ ಸೇರಿಸಿದರೆ ಅಳೆಯಬೇಕಾದ ಪ್ರವಾಹವೇ ಕೊಂಚ ಬದಲಾಗುತ್ತದೆ. ಜೋಡಿ ಎಳೆಯ ಆರ್‌ಎನ್‌ಎ ಕೂಡ ಅಂಥ ಸಲಕರಣೆ. ಅದರ ಅಕ್ಷರಗಳು ಏನೇ ಇರಲಿ, ಜೋಡಿ ಎಳೆಯೆಂಬ ಕಾರಣಕ್ಕೇ ಗಿಡದ ರಕ್ಷಣಾ ವ್ಯವಸ್ಥೆ ಎಚ್ಚರಗೊಳ್ಳಬಹುದೆಂದು ಅರಾಬಿಡಾಪ್ಸಿಸ್ ಮೇಲಿನ 2016ರ ಅಧ್ಯಯನ ತೋರಿಸಿತು. ಪ್ರಾಣಿಗಳಲ್ಲಿಯೂ ಹೀಗೆಯೇ. ಇಲಿಯ ಕಣ್ಣಿನಲ್ಲಿ ರಕ್ತನಾಳ ಬೆಳೆಸುವ ಜೀನನ್ನು ಮೌನಗೊಳಿಸಲೆಂದು ಕೊಟ್ಟ ಕಿರು ಆರ್‌ಎನ್‌ಎ, ಜೀನಿಗೆ ಸಂಬಂಧವೇ ಇಲ್ಲದೆ, ಟಿಎಲ್‌ಆರ್-3 ಎಂಬ ರಕ್ಷಣಾ ಗ್ರಾಹಕವನ್ನು ತಟ್ಟಿ ಪರಿಣಾಮ ಬೀರಿತೆಂದು 2008ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿಯಾಯಿತು. ರೋಗನಿರೋಧಕ ಶಕ್ತಿಯನ್ನು ಅಳೆಯುವ ಉಪಕರಣವೇ ಅದನ್ನು ಎಬ್ಬಿಸಿದರೆ, ಅರ್ಥವಿಲ್ಲದ ಅಕ್ಷರಗಳ ಆರ್‌ಎನ್‌ಎ ಕೊಟ್ಟು ಹೋಲಿಸದ ಯಾವ ಫಲಿತಾಂಶವನ್ನೂ ನಂಬುವಂತಿಲ್ಲ.

ಜಿನ್ ತಂಡದ 2016ರ ಇನ್ನೊಂದು ಕೆಲಸ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಬೊಟ್ರೈಟಿಸ್‌ನ ಡೈಸರ್ ಜೀನುಗಳಿಗೆ ಹೊಂದುವ ಆರ್‌ಎನ್‌ಎಯನ್ನು ಹಣ್ಣು, ತರಕಾರಿ, ಹೂಗಳ ಮೇಲೆ ಹಾಕಿದಾಗ ಬೂಷ್ಟು ಕಡಿಮೆಯಾಯಿತು. ಹೋಲಿಕೆಗೆ ಬಳಸಿದ, ಶಿಲೀಂಧ್ರಕ್ಕೆ ಸಂಬಂಧಪಡದ ಹೊಳೆಯುವ ಪ್ರೋಟೀನಿನ ಆರ್‌ಎನ್‌ಎಯಿಂದ ಅಂಥ ರಕ್ಷಣೆ ಸಿಗಲಿಲ್ಲ. ಆದರೆ ಇದನ್ನು 2023ರ ಫಲಿತಾಂಶದ ಪಕ್ಕದಲ್ಲಿಟ್ಟರೆ ಒಗಟು ಹುಟ್ಟುತ್ತದೆ. ಡೈಸರ್ ಜೀನುಗಳನ್ನು ಬುಡಸಮೇತ ಕಿತ್ತರೂ ಸೊರಗದ ಶಿಲೀಂಧ್ರ, ಅವುಗಳನ್ನು ಅರೆಬರೆ ಮೌನಗೊಳಿಸಿದಾಗ ಸೊರಗುವುದೇಕೆ? ಎರಡೂ ಒಟ್ಟಿಗೆ ಪೂರ್ತಿ ಸರಿಯಾಗಿರುವುದು ಕಷ್ಟ. ಡೈಸರ್ ಅಳಿಸಿದ ತಳಿಯ ಮೇಲೆಯೇ ಅದೇ ಆರ್‌ಎನ್‌ಎಯನ್ನು ಸಿಂಪಡಿಸಿ ನೋಡುವುದು ನೇರವಾದ ಪರೀಕ್ಷೆ. ಗುರಿಯೇ ಇಲ್ಲದ ಶಿಲೀಂಧ್ರವೂ ಸೊರಗಿದರೆ, ಕೆಲಸ ಮಾಡಿದ್ದು ಬೇರೇನೋ ಎಂದಾಯಿತು.

ನಮಗೇಕೆ ಈ ಚಿಂತೆ?

ಇದು ಪಂಡಿತರ ಜಗಳವೆಂದು ಬದಿಗಿಡುವಂತಿಲ್ಲ. ಶಿಲೀಂಧ್ರನಾಶಕ ರಾಸಾಯನಿಕಗಳಿಗೆ ಬದಲಾಗಿ ಆರ್‌ಎನ್‌ಎ ಸಿಂಪಡಿಸುವ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ಆಲೂಗೆಡ್ಡೆಯ ದುಂಬಿಯ ವಿರುದ್ಧ ಇಂಥ ಒಂದು ಸಿಂಪರಣೆಗೆ ಅಮೆರಿಕದಲ್ಲಿ 2023ರ ಡಿಸೆಂಬರಿನಲ್ಲಿ ನೋಂದಣಿಯೂ ದೊರೆಯಿತು. ಆದರೆ ದುಂಬಿಗೆ ಒಗ್ಗಿದ್ದು ಶಿಲೀಂಧ್ರಕ್ಕೆ ಒಗ್ಗಬೇಕೆಂದಿಲ್ಲ. ಒಂದು ಶಿಲೀಂಧ್ರಕ್ಕೆ ಒಗ್ಗಿದ್ದು ಇನ್ನೊಂದಕ್ಕೂ ಒಗ್ಗಬೇಕೆಂದಿಲ್ಲ. 2021ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಬೊಟ್ರೈಟಿಸ್ ಹೊರಗಿನ ಆರ್‌ಎನ್‌ಎಯನ್ನು ಚೆನ್ನಾಗಿ ಹೀರಿಕೊಂಡಿತು. ಕೊಲೆಟೊಟ್ರೈಕಮ್ ಗ್ಲಿಯೋಸ್ಪೋರಿಯಾಯ್ಡಿಸ್ ಹೀರಿಕೊಳ್ಳಲೇ ಇಲ್ಲ. ಆಲೂಗೆಡ್ಡೆಯ ಅಂಗಮಾರಿ ತರುವ ಫೈಟಾಫ್ತೊರ ಅಲ್ಪಸ್ವಲ್ಪ ಮಾತ್ರ ಹೀರಿಕೊಂಡಿತು.

ನಮ್ಮ ಮಾವಿನ ತೋಪುಗಳಲ್ಲಿ ಚಿಬ್ಬು ರೋಗ ತರುವುದು ಇದೇ ಕೊಲೆಟೊಟ್ರೈಕಮ್. ಮಲೆನಾಡಿನ ಅಡಿಕೆಗೆ ಕೊಳೆರೋಗ ತರುವುದು, ನಿಜವಾದ ಶಿಲೀಂಧ್ರವಲ್ಲದಿದ್ದರೂ ಅದರಂತೆಯೇ ವರ್ತಿಸುವ, ಫೈಟಾಫ್ತೊರದ ಇನ್ನೊಂದು ಪ್ರಭೇದ. ಮಳೆಗಾಲಕ್ಕೆ ಮೊದಲು ಮರ ಹತ್ತಿ ಬೋರ್ಡೊ ದ್ರಾವಣ ಹೊಡೆಯುವ ಬೆಳೆಗಾರನಿಗೆ ಅದರ ಕೆಲಸವೂ ಮಿತಿಯೂ ಗೊತ್ತು. ನಾಳೆ ಯಾರಾದರೂ ಅವನ ಕೈಗೆ ಆರ್‌ಎನ್‌ಎ ಬಾಟಲಿ ಕೊಡಲು ಬಂದರೆ, ಬೊಟ್ರೈಟಿಸ್‌ನ ಕಥೆ ಹೇಳಿ ಕೊಳೆರೋಗಕ್ಕೆ ಮಾರುವಂತಾಗಬಾರದು. ಅವನ ಪರವಾಗಿ ನಾವು ಕೇಳಬೇಕಾದ ಪ್ರಶ್ನೆಗಳು ಸರಳವಾದವು. ನಮ್ಮ ರೋಗಕಾರಕ ಇದನ್ನು ಹೀರಿಕೊಳ್ಳುತ್ತದೆಯೆ? ಅರ್ಥವಿಲ್ಲದ ಆರ್‌ಎನ್‌ಎ ಹೊಡೆದಾಗ ಏನಾಯಿತು? ಬರಿಯ ನೀರು ಹೊಡೆದಾಗ ಏನಾಯಿತು?

ಮೂಲ ಪೆಟ್ಟಿಗೆಯಲ್ಲಿದ್ದಾಗ ಕೌಂಟರ್ ಏನು ತೋರಿಸಿತು ಎಂದು ಕೇಳುವುದು ಅಪನಂಬಿಕೆಯಲ್ಲ. 2013ರ ಲೇಖನ ಒಂದು ಸೊಗಸಾದ ಊಹೆಯನ್ನು ಕೊಟ್ಟಿತು, 2023ರ ಲೇಖನ ಅದನ್ನು ಒರೆಗೆ ಹಚ್ಚಿತು. ಎರಡಕ್ಕೂ ನಾವು ಋಣಿಗಳು. ಪಠ್ಯಪುಸ್ತಕಗಳೂ ಜನಪ್ರಿಯ ಲೇಖನಗಳೂ ಮೊದಲನೆಯದನ್ನಷ್ಟೇ ಹೇಳಿ ಸುಮ್ಮನಾದರೆ, ಅದನ್ನು ಓದಿ ಬರುವ ವಿದ್ಯಾರ್ಥಿಗೆ ಅರ್ಧ ವಿಜ್ಞಾನವನ್ನು ಮಾತ್ರ ಕಲಿಸಿದಂತಾಗುತ್ತದೆ.