ನೀಲಿಯ ಸಾಕ್ಷ್ಯ

1972ರಲ್ಲಿ ಫುಜಿಶಿಮ ಮತ್ತು ಹೋಂಡ ಎಂಬ ಜಪಾನೀ ವಿದ್ವಾಂಸರು ಟೈಟಾನಿಯಂ ಡೈಆಕ್ಸೈಡಿನ ವಿದ್ಯುದಗ್ರದ ಮೇಲೆ ಬೆಳಕನ್ನು ಹಾಯಿಸಿ ನೀರನ್ನು ವಿಭಜಿಸಿದ ವೃತ್ತಾಂತವನ್ನು ಬಲ್ಲವರಿಗೆ ಮತ್ತೆ ಹೇಳಬೇಕಾದುದಿಲ್ಲ. ತದನಂತರ ನೀರು ಗಾಳಿಗಳನ್ನು ಶುದ್ಧಗೊಳಿಸುವ ದ್ಯುತಿವೇಗವರ್ಧಕ ನ್ಯಾನೊವಸ್ತುಗಳಿಗೆ ಸಂದ ಕೀರ್ತಿಯಲ್ಲಿ ಬಹುಪಾಲು, ಮಿಥಿಲೀನ್ ಬ್ಲೂ ಎಂಬ ಒಂದು ಬಣ್ಣವು ನುಡಿದ ಸಾಕ್ಷ್ಯವನ್ನೇ ನೆಚ್ಚಿಕೊಂಡಿದೆಯೆಂಬುದೂ, ಆ ಸಾಕ್ಷಿ ನಂಬತಕ್ಕದ್ದಲ್ಲವೆಂಬುದೂ ನನ್ನ ಅಭಿಪ್ರಾಯ.

ವಸ್ತುವನ್ನು ತಯಾರಿಸುವ ಕೌಶಲದ ವಿಷಯದಲ್ಲಿ ನನಗೆ ತಕರಾರಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲರು ಬೆಳೆಸಿದ ದ್ರಾವಣ ದಹನ ವಿಧಾನವನ್ನೇ ನೋಡಿ: ಟೈಟಾನಿಲ್ ನೈಟ್ರೇಟನ್ನೂ ಗ್ಲೈಸೀನನ್ನೂ ನೀರಿನಲ್ಲಿ ಕರಗಿಸಿ ಕಾದ ಕುಲುಮೆಯೊಳಗಿಟ್ಟರೆ, ನೀರು ಆವಿಯಾಗಿ, ದ್ರಾವಣವು ನೊರೆಯೆದ್ದು, ತನ್ನ ಕಾವಿನಿಂದ ತಾನೇ ಉರಿದು, ಕೆಲವೇ ನಿಮಿಷಗಳಲ್ಲಿ ನ್ಯಾನೊಕಣಗಳ ಹಗುರವಾದ ಪುಡಿಯು ಉಳಿಯುತ್ತದೆ. ಇಷ್ಟು ಸರಳವೂ ಇಷ್ಟು ಚೆಲುವೂ ಆದ ಕ್ರಿಯೆ ರಸಾಯನಶಾಸ್ತ್ರದಲ್ಲಿ ವಿರಳ.

ತೊಡಕಿರುವುದು ಪರೀಕ್ಷೆಯಲ್ಲಿ. ಅನಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡಿನ ಶಕ್ತಿ ಅಂತರ 3.2 ಎಲೆಕ್ಟ್ರಾನ್ ವೋಲ್ಟ್. ಅದನ್ನು ಎಚ್ಚರಿಸಲು ನೇರಳಾತೀತ ಕಿರಣವೇ ಬೇಕು, ಬಿಸಿಲಿನಲ್ಲಾದರೋ ಅದರ ಪಾಲು ಶೇ. 5ರ ಆಸುಪಾಸು. ಆದುದರಿಂದ ಸಾರಜನಕವನ್ನೋ ಲೋಹವನ್ನೋ ಬೆರೆಸಿ, ಪುಡಿಗೆ ಕಣ್ಣಿಗೆ ಕಾಣುವ ಬೆಳಕಿನ ರುಚಿ ಹತ್ತಿಸಿದೆವೆಂದು ಸಾರಿ, ನಿದರ್ಶನಕ್ಕೆ, ಪುಡಿ ಬೆರೆಸಿ ಬೆಳಕಿಗಿಟ್ಟಾಗ ಬಣ್ಣಗೆಟ್ಟ ಮಿಥಿಲೀನ್ ಬ್ಲೂ ದ್ರಾವಣದ ಬೀಕರನ್ನು ಸಂಶೋಧಕರು ಮುಂದಿಡುತ್ತಾರೆ. ಆದರೆ ಆ ಬಣ್ಣವು ತಾನೇ 664 ನ್ಯಾನೊಮೀಟರಿನ ಸುತ್ತ ಬೆಳಕನ್ನು ಹೀರಿ, ಎಲೆಕ್ಟ್ರಾನನ್ನು ಪುಡಿಗೆ ಒಪ್ಪಿಸಿ, ತಾನಾಗಿಯೇ ಒಡೆಯಬಲ್ಲದು. ಆಗ ಬೆಳಕನ್ನು ದುಡಿಸಿಕೊಂಡದ್ದು ಬಣ್ಣವೇ ಹೊರತು ಪುಡಿಯಲ್ಲ. ಪುಡಿಯ ಮೈಗೆ ಅಂಟಿಕೊಂಡು ಕತ್ತಲಲ್ಲಿಯೂ ಬಣ್ಣವು ನೀರಿನಿಂದ ಮರೆಯಾಗುತ್ತದೆ. ಎಲೆಕ್ಟ್ರಾನುಗಳನ್ನು ಪಡೆದು ವರ್ಣರಹಿತವಾದ ಲ್ಯೂಕೊ ರೂಪವನ್ನು ತಾಳಿದ್ದಾದರೆ, ಬೀಕರನ್ನು ಗಾಳಿಯಲ್ಲಿ ಕುಲುಕಿದೊಡನೆ ನೀಲಿಯು ಮರಳಿ ಮೂಡುತ್ತದೆ. ಮಾಲಿನ್ಯವು ನಿಜವಾಗಿ ನಾಶವಾಯಿತೆಂದು ಹೇಳಬೇಕಾದರೆ ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲವನ್ನು ಅಳೆಯಬೇಕು. ಬಣ್ಣ ಅಳಿದಮೇಲೂ ಅದರ ತುಂಡುಗಳು ನೀರಿನಲ್ಲಿಯೇ ಇರಬಹುದಷ್ಟೆ.

ಇದಕ್ಕೆ ಸಮರ್ಥಕರು ಕೊಡುವ ಉತ್ತರ ನನಗೆ ಚಿರಪರಿಚಿತ: ನೀಲಿಯು ಕೇವಲ ಅಳತೆಗೋಲು, ಎಲ್ಲರೂ ಒಂದೇ ಕೋಲಿನಿಂದ ಅಳೆದರೆ ಹೋಲಿಕೆ ಸುಲಭ, ಅಂತಾರಾಷ್ಟ್ರೀಯ ಮಾನಕವೇ 2010ರಲ್ಲಿ ಅದನ್ನು ಅಂಗೀಕರಿಸಿದೆ. ಆ ಮಾನಕವನ್ನು ತೆರೆದು ಓದಿದವರು ಹೀಗೆ ಹೇಳಲಾರರು; ಅದು ವಿಧಿಸಿರುವುದು ನೇರಳಾತೀತ ಬೆಳಕನ್ನು, ಕಣ್ಣಿಗೆ ಕಾಣುವ ಬೆಳಕನ್ನಲ್ಲ. ಜಪಾನಿನ ಬುನ್ಶೊ ಓಟಾನಿಯವರೂ ಅವರ ಸಹೋದ್ಯೋಗಿಗಳೂ ದೃಗ್ಗೋಚರ ಬೆಳಕಿನ ಪರೀಕ್ಷೆಗೆ ಈ ಬಣ್ಣವು ತಕ್ಕುದಲ್ಲವೆಂದು 2006ರಲ್ಲಿಯೇ ವಾದಿಸಿದ್ದರು. ಇನ್ನು ಕೆಲವರು, ಸಣ್ಣ ಕಾಲೇಜುಗಳಲ್ಲಿ ಇಂಗಾಲವನ್ನು ಅಳೆಯುವ ಯಂತ್ರವೆಲ್ಲಿದೆ ಎಂದು ಕನಿಕರದಿಂದ ಕೇಳುತ್ತಾರೆ. ಬಡತನವು ನೆಪವಾಗಲಾರದು, ಬಣ್ಣವಿಲ್ಲದ ಫೀನಾಲನ್ನು ಹಿಡಿದರೆ ನೀಲಿಯನ್ನು ಅಳೆಯುವ ಅದೇ ಸ್ಪೆಕ್ಟ್ರೊಫೋಟೊಮೀಟರಿನಲ್ಲಿ 270 ನ್ಯಾನೊಮೀಟರಿನ ಬಳಿ ಅದರ ಇಳಿತವನ್ನು ಸ್ಥೂಲವಾಗಿಯಾದರೂ ಕಾಣಬಹುದು, ಬಣ್ಣವೇ ಬೆಳಕನ್ನು ಹೀರಿತೆಂಬ ಸಂಶಯಕ್ಕೆ ಎಡೆಯೂ ಬಹುಮಟ್ಟಿಗೆ ಇರದು. ಹೆಚ್ಚಿನವರು ಅದನ್ನು ಹಿಡಿಯದಿರುವುದಕ್ಕೆ ಕಾರಣ, ಅದು ನೀಲಿಯಷ್ಟು ಬೇಗ ಸೋಲುವುದಿಲ್ಲ.

ಗಾಳಿಯ ಪರೀಕ್ಷೆಗೂ ಇದೇ ದೋಷವಿದೆ: ಪುಡಿ ಬಳಿದ ಹಲಗೆಯಿಂದ ಎಷ್ಟು ನೈಟ್ರಿಕ್ ಆಕ್ಸೈಡು ಕಡಿಮೆಯಾಯಿತೆಂಬ ರೇಖೆಯನ್ನಷ್ಟೇ ಎತ್ತಿ ತೋರಿಸಿದಾಗ, ಅದಕ್ಕಿಂತ ವಿಷಕಾರಿಯಾದ ನೈಟ್ರೊಜನ್ ಡೈಆಕ್ಸೈಡು ಅದೇ ಹಲಗೆಯಿಂದ ಎಷ್ಟು ಹೊರಟಿತೆಂಬ ಲೆಕ್ಕವನ್ನು ಓದುಗನು ಕೇಳಿಯೇ ಪಡೆಯಬೇಕಾಗುತ್ತದೆ.