ಖಾನಾಪುರದಿಂದ ಕೇಳಬೇಕಾದ ಪ್ರಶ್ನೆ

2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಮಂದಿಗೆ ಕೊರೊನಾ ದೃಢಪಟ್ಟಿತು. ಅಂದಿನ ಪ್ರಕಟಣೆಯಲ್ಲಿ 346 ಸಾವುಗಳಿದ್ದವು. 2022ರ ಜನವರಿ 23ರಂದು 50,210 ಮಂದಿಗೆ ಸೋಂಕು, 19 ಸಾವು. ಮೊದಲನೆಯದು ಡೆಲ್ಟಾ ಕಾಲ, ಎರಡನೆಯದು ಓಮಿಕ್ರಾನ್ ಕಾಲ. ಹೊಸ ರೂಪಾಂತರಿ ಬಂದಾಗಲೆಲ್ಲ ನಮ್ಮಲ್ಲಿ ಏಳುವ ವಾದವನ್ನು ಈ ಎರಡು ಸಾಲು ಅಂಕಿಗಳು ಮುಗಿಸಿಬಿಡುತ್ತವೆ ಎಂದು ಬಹಳ ಜನ ನಂಬಿದ್ದಾರೆ. ಡೆಲ್ಟಾ ಕೊಲ್ಲುವಂಥದ್ದು, ಓಮಿಕ್ರಾನ್ ನೆಗಡಿಯಂಥದ್ದು, ಹೆದರಿದವರು ಸುಮ್ಮನೆ ಹೆದರಿದರು ಎಂಬುದು ಆ ನಂಬಿಕೆ.

ಅಂಕಿಗಳು ನಿಜ. ಧೈರ್ಯ ಹೇಳಿದವರ ಮಾತು ಕರ್ನಾಟಕದ ಮಟ್ಟಿಗೆ ಬಹುಪಾಲು ನಿಜವಾಯಿತು ಎಂಬುದನ್ನೂ ಒಪ್ಪಬೇಕು. ನನ್ನ ತಕರಾರು ಇರುವುದು ಅಂಕಿಗಳನ್ನು ಓದುವ ರೀತಿಯ ಬಗ್ಗೆ. ಅಪಾಯವೆಲ್ಲ ವೈರಸ್ಸಿನೊಳಗೇ ಇರುತ್ತದೆ, ತಜ್ಞರು ಅದನ್ನು ಬಿಚ್ಚಿ ನೋಡಿ ಇಷ್ಟು ಎಂದು ಹೇಳಬಲ್ಲರು ಎಂಬ ಊಹೆಯ ಮೇಲೆ ಆ ಇಡೀ ಚರ್ಚೆ ನಿಂತಿತ್ತು. ಹೆದರಿಸಿದವರೂ ಧೈರ್ಯ ಹೇಳಿದವರೂ ಈ ಊಹೆಯನ್ನು ಸಮನಾಗಿ ಹಂಚಿಕೊಂಡಿದ್ದರು.

ಅದು ತಪ್ಪೆಂದು ತೋರಿಸುವ ಸಾಕ್ಷ್ಯಕ್ಕೆ ದೂರ ಹೋಗಬೇಕಾಗಿಲ್ಲ. 2021ರ ನವೆಂಬರ್ ಕೊನೆಯಲ್ಲಿ ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಮಾರಂಭದ ಬೆನ್ನಿಗೆ ಸೋಂಕು ಹಬ್ಬಿ, ಕೆಲವೇ ದಿನಗಳಲ್ಲಿ ಮುನ್ನೂರರ ಹತ್ತಿರಕ್ಕೆ ಹೋಯಿತು. ಓಮಿಕ್ರಾನ್ ಹೆಸರು ಜಗತ್ತಿನ ಕಿವಿಗೆ ಬಿದ್ದ ವಾರವೇ ಅದು. ಧಾರವಾಡದಿಂದ ಬೆಳಗಾವಿಗೆ ಎರಡು ತಾಸಿನೊಳಗಿನ ಹಾದಿ. ಇಲ್ಲೂ ಭಯ ಹಬ್ಬಿತು. ವಂಶವಾಹಿ ಪರೀಕ್ಷೆಯ ಫಲಿತಾಂಶ ಬಂದಾಗ ಅದು ಡೆಲ್ಟಾ ಎಂದು ಗೊತ್ತಾಯಿತು. ಜನ ನಿಟ್ಟುಸಿರು ಬಿಟ್ಟರು. ಆದರೆ ಆರು ತಿಂಗಳ ಹಿಂದೆ ಆಮ್ಲಜನಕವಿಲ್ಲದೆ ಜನರನ್ನು ಒದ್ದಾಡಿಸಿದ್ದೂ ಡೆಲ್ಟಾವೇ. ಕಾಲೇಜಿನಲ್ಲಿ ಅದು ತಗುಲಿದ್ದು ಹೆಚ್ಚಾಗಿ ಎರಡೂ ಡೋಸ್ ಲಸಿಕೆ ಪಡೆದ ಹರೆಯದವರಿಗೆ, ಅದೂ ಆಸ್ಪತ್ರೆಯ ಆವರಣದಲ್ಲೇ. ಬಹುಪಾಲು ಮಂದಿ ಸಣ್ಣ ಜ್ವರದಲ್ಲೇ ಪಾರಾದರು. ವೈರಸ್ ಅದೇ, ಎದುರಿಗಿದ್ದ ದೇಹಗಳು ಬೇರೆ. ಚರ್ಚೆ ಈ ಘಟನೆಯನ್ನು ಒಂದು ಗಳಿಗೆ ನಿಂತು ನೋಡಿದ್ದರೆ ಅದರ ದಾರಿಯೇ ಬದಲಾಗುತ್ತಿತ್ತು. ಓಮಿಕ್ರಾನ್ ಅಲ್ಲವಂತೆ ಎಂಬಲ್ಲಿಗೆ ಸುದ್ದಿ ಮುಗಿಯಿತು.

ಹೊರಗಿನ ಉದಾಹರಣೆ ಇನ್ನೂ ಕಠೋರ. ದಕ್ಷಿಣ ಆಫ್ರಿಕಾದ ವೈದ್ಯೆ ಏಂಜೆಲಿಕ್ ಕೊಯೆಟ್ಜೀ ತಮ್ಮ ರೋಗಿಗಳಲ್ಲಿ ಲಕ್ಷಣಗಳು ಸೌಮ್ಯವಾಗಿವೆ ಎಂದಾಗ ನಮ್ಮ ವಾಹಿನಿಗಳು ಅದನ್ನು ದಿನವಿಡೀ ಬಿತ್ತರಿಸಿದವು. ಅವರು ನೋಡುತ್ತಿದ್ದವರಲ್ಲಿ ಹೆಚ್ಚಿನವರು ಹರೆಯದವರು, ಆ ದೇಶದ ಬಹುಜನ ಹಿಂದಿನ ಅಲೆಗಳಲ್ಲಿ ಆಗಲೇ ಸೋಂಕುಂಡವರು ಎಂಬ ಅರ್ಧ ಮಾತು ಉಳಿದೇಹೋಯಿತು. ಅದೇ ಓಮಿಕ್ರಾನ್ 2022ರ ಆರಂಭದಲ್ಲಿ ಹಾಂಗ್‌ಕಾಂಗ್ ಹೊಕ್ಕಿತು. ಅಲ್ಲಿನ ವಯೋವೃದ್ಧರಲ್ಲಿ ಬಹಳ ಮಂದಿ ಲಸಿಕೆ ಪಡೆದಿರಲಿಲ್ಲ, ಹಿಂದೆ ಸೋಂಕೂ ಆಗಿರಲಿಲ್ಲ. ಕೆಲವೇ ತಿಂಗಳಲ್ಲಿ 9 ಸಾವಿರಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲಿ ಜನವರಿಯ ಹೊತ್ತಿಗೆ ಬಹುಪಾಲು ವಯಸ್ಕರು ಲಸಿಕೆ ಹಾಕಿಸಿಕೊಂಡಿದ್ದರು; ಅನೇಕರ ಮೈಯನ್ನು ಡೆಲ್ಟಾ ಆಗಲೇ ಹಾದು ಹೋಗಿತ್ತು. 346 ಮತ್ತು 19ರ ನಡುವಿನ ಅಂತರದಲ್ಲಿ ವೈರಸ್ಸಿನ ಪಾಲೂ ಇದೆ, ಆಶಾ ಕಾರ್ಯಕರ್ತೆಯರು ಓಣಿ ಓಣಿ ಸುತ್ತಿ ಜನರನ್ನು ಲಸಿಕೆಗೆ ಕರೆತಂದ ಪಾಲೂ ಇದೆ, ಸತ್ತವರ ನಡುವೆ ಬದುಕಿ ಉಳಿದವರು ತೆತ್ತ ಬೆಲೆಯೂ ಇದೆ. ಎಲ್ಲವನ್ನೂ ವೈರಸ್ಸಿನ ಒಳ್ಳೆಯತನದ ಖಾತೆಗೆ ಬರೆಯುವುದು ಅನ್ಯಾಯ.

ಇನ್ನು ಬೆಳಗಾವಿಯಲ್ಲಿ ಆ ಚರ್ಚೆ ನಡೆದ ಬಗೆ. 2021ರ ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಓಮಿಕ್ರಾನ್ ಅನ್ನು ಕಳವಳಕಾರಿ ರೂಪಾಂತರಿ ಎಂದು ಘೋಷಿಸಿತು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದ ಸುದ್ದಿ ಬಂತು. ಇಬ್ಬರಲ್ಲಿ ಒಬ್ಬರು ವಿದೇಶಕ್ಕೇ ಹೋಗದ ವೈದ್ಯರು. ಡಿಸೆಂಬರ್ 10ಕ್ಕೆ ವಿಧಾನ ಪರಿಷತ್ ಚುನಾವಣೆ. 13ರಿಂದ 24ರವರೆಗೆ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ. ಹೊರಗೆ ಧರಣಿ ಕುಳಿತವರು, ಬಂದೋಬಸ್ತಿಗೆ ಬಂದ ಪೊಲೀಸರು, ನಗರದ ಲಾಡ್ಜುಗಳಲ್ಲಿ ತುಂಬಿದ ಜನ. ನಡುವೆ ಸಂಗೊಳ್ಳಿ ರಾಯಣ್ಣನ ಪ್ರತಿಮೆಗೆ ಹಾನಿಯಾಗಿ ಊರು ಕುದಿಯಿತು. ಇದೆಲ್ಲ ಮುಗಿದ ಮೇಲೆ, ಡಿಸೆಂಬರ್ 28ರಿಂದ ರಾತ್ರಿ ಕರ್ಫ್ಯೂ. ರಾತ್ರಿ ಹತ್ತರ ಮೇಲೆ ಮಾತ್ರ ಹರಡುವ ವೈರಸ್ ಯಾವುದು ಎಂದು ಜನ ಕೇಳಿದರು. ಅವರ ಪ್ರಶ್ನೆಯಲ್ಲಿ ಅಜ್ಞಾನವಿರಲಿಲ್ಲ, ನೆನಪಿತ್ತು.

ಆ ನೆನಪು ಏಪ್ರಿಲ್ ತಿಂಗಳದ್ದು. ಬೆಳಗಾವಿಯ ಸಂಸದ, ಕೇಂದ್ರ ಸಚಿವ ಸುರೇಶ ಅಂಗಡಿ 2020ರ ಸೆಪ್ಟೆಂಬರ್ 23ರಂದು ಕೋವಿಡ್‌ನಿಂದ ತೀರಿಕೊಂಡರು. ಅವರಿಂದ ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು, ಎರಡನೆಯ ಅಲೆ ಏರುತ್ತಿದ್ದಾಗಲೇ, ಉಪಚುನಾವಣೆ ನಡೆಯಿತು. ಒಂದು ರೋಗಕ್ಕೆ ಪ್ರತಿನಿಧಿಯನ್ನು ಕಳೆದುಕೊಂಡ ಊರಿನಲ್ಲಿ, ಅದೇ ರೋಗದ ನಡುವೆ, ಎಲ್ಲ ಪಕ್ಷಗಳೂ ಮಂದಿ ಕೂಡಿಸಿದವು. ಜೂನ್‌ನಲ್ಲಿ ರಾಜ್ಯದ ಉಳಿದೆಡೆ ಲಾಕ್‌ಡೌನ್ ಸಡಿಲವಾದಾಗ ಅದು ಮುಂದುವರಿದ 11 ಜಿಲ್ಲೆಗಳಲ್ಲಿ ಬೆಳಗಾವಿಯೂ ಇತ್ತು. ಇಷ್ಟಾದ ಮೇಲೆ ಸರ್ಕಾರದ ಬಾಯಿಂದ ಬರುವ ಅಪಾಯ ಎಂಬ ಮಾತಿಗೆ ಇಲ್ಲಿ ತೂಕ ಕಡಿಮೆಯಾದದ್ದರಲ್ಲಿ ಆಶ್ಚರ್ಯವಿಲ್ಲ. ಆಗಿನ ವಿರೋಧ ಪಕ್ಷದ ನಡೆಯೂ ಮೇಲಲ್ಲ: 2022ರ ಜನವರಿ 9ಕ್ಕೆ ಶುರುವಾದ ಮೇಕೆದಾಟು ಪಾದಯಾತ್ರೆ ಸೋಂಕು ಏರುತ್ತಿದ್ದಾಗಲೇ ನಡೆದು 13ರಂದು ನಿಂತಿತು. ರೂಪಾಂತರಿಯ ಬಗೆಗಿನ ಅಭಿಪ್ರಾಯ ಪಕ್ಷದ ಬಾವುಟದಂತೆ ಆಯಿತು. ಯಾರು ಯಾವ ಕಡೆ ಎಂದು ತಿಳಿದರೆ ಅವರು ಓಮಿಕ್ರಾನ್ ಬಗ್ಗೆ ಏನು ಹೇಳುತ್ತಾರೆಂದು ಮೊದಲೇ ಹೇಳಬಹುದಿತ್ತು.

ಈ ಗದ್ದಲದಲ್ಲಿ ಒಂದು ಸರಳ ಲೆಕ್ಕ ಯಾರಿಗೂ ಬೇಡವಾಯಿತು. ಹಳೆಯ ತಳಿ ನೂರು ಮಂದಿಗೆ ತಗುಲಿ ಐವರನ್ನು ಆಸ್ಪತ್ರೆಗೆ ಅಟ್ಟುತ್ತದೆ ಎನ್ನಿ. ಹೊಸದು ನೂರರಲ್ಲಿ ಇಬ್ಬರನ್ನಷ್ಟೇ ಅಟ್ಟುತ್ತದೆ, ಆದರೆ ಅದೇ ಅವಧಿಯಲ್ಲಿ ನಾನೂರು ಮಂದಿಗೆ ತಗುಲುತ್ತದೆ. ಹಾಸಿಗೆ ಬೇಕಾದವರು ಈಗ ಎಂಟು. ಒಬ್ಬ ರೋಗಿಯ ಮಟ್ಟಿಗೆ ಸೌಮ್ಯ, ಆಸ್ಪತ್ರೆಯ ಮಟ್ಟಿಗೆ ಭಾರ. ಓಮಿಕ್ರಾನ್‌ನ ಮುಳ್ಳು ಪ್ರೋಟೀನಿನಲ್ಲಿ 30ಕ್ಕೂ ಹೆಚ್ಚು ಬದಲಾವಣೆಗಳಿವೆ ಎಂದು ಹೆದರಿಸಿದವರಿಗೂ ಈ ಲೆಕ್ಕ ಬೇಕಿರಲಿಲ್ಲ, ಬರೀ ನೆಗಡಿ ಎಂದವರಿಗೂ ಬೇಕಿರಲಿಲ್ಲ. ಎರಡು ವಾರ ತಡೆಯಿರಿ, ಆಸ್ಪತ್ರೆಗೆ ಸೇರುವವರ ಸಂಖ್ಯೆ ನೋಡೋಣ ಎಂದ ವೈದ್ಯರು ಈ ಚರ್ಚೆಯಲ್ಲಿ ಎಲ್ಲರಿಗಿಂತ ಪ್ರಾಮಾಣಿಕರು. ಅವರ ಮಾತು ತೆರೆಯ ಮೇಲೆ ಅರ್ಧ ನಿಮಿಷ ನಿಲ್ಲಲಿಲ್ಲ.

ಹಾಸಿಗೆಯ ಮಾತು ಬಂದಾಗ ಖಾನಾಪುರ ಎದುರಿಗೆ ನಿಲ್ಲುತ್ತದೆ. ಬೆಳಗಾವಿಯಲ್ಲಿ ಬಿಮ್ಸ್ ಇದೆ, ಕೆಎಲ್‌ಇ ಆಸ್ಪತ್ರೆ ಇದೆ. ಕೋವಿಡ್ ಪರೀಕ್ಷೆ ಮಾಡಿದ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯವಿಜ್ಞಾನ ಸಂಸ್ಥೆ ಇದೆ. ಸಿಡುಬಿನ ಕಾಲದಲ್ಲಿ ಲಸಿಕೆ ತಯಾರಿಸಿದ ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಇಂದಿಗೂ ಅದೇ ಹೆಸರಿನಲ್ಲಿದೆ. ಕೋವ್ಯಾಕ್ಸಿನ್‌ನ ಮೊದಲ ಹಂತದ ಪ್ರಯೋಗ ನಡೆದ ಜಾಗಗಳಲ್ಲಿ ಈ ಊರೂ ಒಂದು. ಇಲ್ಲಿಂದ ಖಾನಾಪುರ ಪಟ್ಟಣಕ್ಕೆ ಸುಮಾರು 26 ಕಿಲೋಮೀಟರ್. ಅಲ್ಲಿಂದ ಮುಂದೆ ಭೀಮಗಡದ ಕಾಡಿನೊಳಗೆ ಗವಾಳಿ, ಕೋಂಗಳಾ, ಪಾಸ್ತೋಲಿ, ಆಮಗಾಂವ. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಆ ಊರುಗಳಿಗೆ ಗಾಡಿ ಹೋಗುವುದಿಲ್ಲ. 2024ರ ಜುಲೈನಲ್ಲಿ ಆಮಗಾಂವದ ಒಬ್ಬ ಮಹಿಳೆ ಅಸ್ವಸ್ಥರಾದಾಗ ಊರವರು ಬಿದಿರು ಕಟ್ಟಿ, ಮಳೆಯಲ್ಲಿ ಹಲವು ಕಿಲೋಮೀಟರ್ ಹೊತ್ತು ಆಂಬುಲೆನ್ಸ್ ನಿಂತಿದ್ದಲ್ಲಿಗೆ ತಂದರು. ಅದು ಕೋವಿಡ್ ಅಲ್ಲ. ಕೋವಿಡ್ ಆಗಿದ್ದರೂ ದಾರಿ ಅದೇ. ಆಮ್ಲಜನಕ ಹತ್ತು ನಿಮಿಷದಲ್ಲಿ ಸಿಗುವ ಟಿಳಕವಾಡಿಯ ಅಜ್ಜನಿಗೂ, ಹೆಗಲ ಮೇಲೆ ಬರಬೇಕಾದ ಆಮಗಾಂವದ ಅಜ್ಜಿಗೂ ಒಂದೇ ರೂಪಾಂತರಿಯ ಅಪಾಯ ಒಂದೇ ಎಂದು ಯಾವ ವಿಜ್ಞಾನವೂ ಹೇಳುವುದಿಲ್ಲ. ನಮ್ಮ ಚರ್ಚೆ ಹೇಳಿತು.

ಗಡಿ ತಾಲ್ಲೂಕಿಗೆ ಇನ್ನೊಂದು ತೊಡಕಿದೆ. ಖಾನಾಪುರದ ಬಹಳ ಮನೆಗಳಲ್ಲಿ ಓದುವುದು ಮರಾಠಿ ಪತ್ರಿಕೆ, ನೋಡುವುದು ಮುಂಬೈಯ ವಾಹಿನಿ. ದುಡಿಯಲು ಹೋಗುವುದು ಗೋವಾಕ್ಕೆ, ಪುಣೆಗೆ. ಮಹಾರಾಷ್ಟ್ರದ ಅಂಕಿ ಒಂದು ಕಿವಿಗೆ, ಬೆಂಗಳೂರಿನ ಪ್ರಕಟಣೆ ಇನ್ನೊಂದಕ್ಕೆ. ಆಗ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಆರ್‌ಟಿಪಿಸಿಆರ್ ವರದಿ ಕೇಳುತ್ತಿದ್ದರು, ಗೋವಾದ ಹಾದಿಯಲ್ಲಿ ಬೇರೆ ನಿಯಮವಿತ್ತು. ಹೀಗೆ ಜೀವಿಸುವವರಿಗೆ ಬೇಕಾದದ್ದು ತಮ್ಮ ತಾಲ್ಲೂಕಿನ ಸ್ಥಿತಿ, ತಮಗೆ ಅರ್ಥವಾಗುವ ನುಡಿಯಲ್ಲಿ. ಸಿಕ್ಕಿದ್ದು ಎರಡು ರಾಜಧಾನಿಗಳ ಆತಂಕ.

ಹಾಗೆಂದು ಆಡಳಿತ ಏನೂ ಮಾಡಲಿಲ್ಲ ಎನ್ನಲಾರೆ. 2021ರ ಮೇ ತಿಂಗಳಲ್ಲಿ ಬಂದ 'ವೈದ್ಯರ ನಡೆ ಹಳ್ಳಿಗಳ ಕಡೆ' ಕಾರ್ಯಕ್ರಮ ಸರಿಯಾದ ತಿಳಿವಳಿಕೆಯಿಂದ ಹುಟ್ಟಿದ್ದು. ರೋಗಿ ಆಸ್ಪತ್ರೆಗೆ ಬರುವ ತನಕ ಕಾಯದೆ ತಂಡವೇ ಊರಿಗೆ ಹೋಗಿ ಪರೀಕ್ಷಿಸುವುದು, ಔಷಧಿ ಕೊಡುವುದು ಅದರ ಉದ್ದೇಶ. ಅಲೆ ಆಗಲೇ ಏರಿದ ಮೇಲೆ ಬಂತು ಎಂಬುದು ಅದರ ದೊಡ್ಡ ಕೊರತೆ. ಹೊಸ ತಳಿ ಬೆಂಗಳೂರಿನಲ್ಲಿ ಪತ್ತೆಯಾದ ದಿನವೇ ಇಂಥ ತಂಡ ಜಾಂಬೋಟಿ, ಕಣಕುಂಬಿ, ಲೋಂಡಾ ಕಡೆ ಹೊರಡಬೇಕು. ವಂಶವಾಹಿ ಪರೀಕ್ಷೆಯ ಉತ್ತರಕ್ಕೆ ಕಾಯುವುದರಲ್ಲಿ ಅರ್ಥವಿಲ್ಲ. ಮಾದರಿ ಪ್ರಯೋಗಾಲಯ ಮುಟ್ಟಿ ಫಲಿತಾಂಶ ಬರುವಷ್ಟರಲ್ಲಿ ರೋಗಿ ಗುಣವಾಗಿರುತ್ತಾನೆ, ಇಲ್ಲವೇ ತೀರಿಕೊಂಡಿರುತ್ತಾನೆ.

2025ರ ಮೇ ತಿಂಗಳಲ್ಲಿ ಎನ್‌ಬಿ.1.8.1 ಎಂಬ ತಳಿಯ ಹೆಸರು ಬಂದಾಗ ಅದೇ ಚರ್ಚೆ ಅದೇ ಜಾಗದಿಂದ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನಿಗಾ ಇಡಬೇಕಾದ ತಳಿಗಳ ಪಟ್ಟಿಗೆ ಸೇರಿಸಿತ್ತು. ಅದು ಎಲ್ಲಕ್ಕಿಂತ ಕೆಳಗಿನ ಹಂತ, ಕಳವಳಕಾರಿ ಎಂಬ ಮೇಲಿನ ಹಂತವಲ್ಲ. ಆ ವ್ಯತ್ಯಾಸವನ್ನು ಬಿಡಿಸಿ ಹೇಳಿದ ವಾಹಿನಿ ನನಗೆ ಕಾಣಲಿಲ್ಲ. ಭಯವೋ ನಿರ್ಲಕ್ಷ್ಯವೋ ಎಂಬ ಎರಡೇ ಬಾಗಿಲು. ಮುಂಗಾರು ಆಗ ಘಟ್ಟವನ್ನು ಏರಿಯಾಗಿತ್ತು. ಕಾಡಿನ ಊರುಗಳಲ್ಲಿ ಅರವತ್ತು ದಾಟಿದವರು ಎಷ್ಟು, ಅವರಲ್ಲಿ ಬೂಸ್ಟರ್ ಪಡೆದವರು ಎಷ್ಟು, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಕೆಲಸ ಮಾಡುವ ಆಕ್ಸಿಮೀಟರ್ ಇದೆಯೇ, ಹಳ್ಳ ತುಂಬಿದ ದಿನ ರೋಗಿಯನ್ನು ಯಾವ ಕಡೆಯಿಂದ ತರುವುದು: ಈ ನಾಲ್ಕು ಪ್ರಶ್ನೆಗೆ ಉತ್ತರ ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ಸಿಗಬೇಕು, ಅದನ್ನು ಮಳೆಗಾಲಕ್ಕೆ ಮೊದಲೇ ಕನ್ನಡ, ಮರಾಠಿ ಎರಡರಲ್ಲೂ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಚ್ಚಬೇಕು.