ನೀರಿದ್ದೂ ನೀರಿಗಿಳಿಯದವರು

ಮದ್ದೂರು ಸೀಮೆಯ ಗಂಡುಹುಡುಗರಿಗೆ ಈಜನ್ನು ಯಾರೂ ಪಾಠ ಮಾಡಿ ಕಲಿಸಿದ್ದಲ್ಲ. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಲಾರಿ ಟ್ಯೂಬನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಅಣ್ಣನೋ ಮಾವನೋ ಬಾವಿಗೆ ಇಳಿಸಿದರೆ ಬೇಸಿಗೆ ರಜೆ ಮುಗಿಯುವುದರೊಳಗೆ ಕೈಕಾಲು ತಾವೇ ದಾರಿ ಕಂಡುಕೊಳ್ಳುತ್ತಿದ್ದವು. ಆಮೇಲೆ ಶಿಂಷಾ ಹೊಳೆ, ವಿಶ್ವೇಶ್ವರಯ್ಯ (ವಿ.ಸಿ.) ನಾಲೆ. ಜೀವ ಉಳಿಸುವ ವಿದ್ಯೆಯಾಗಿ ಈ ಪದ್ಧತಿಯ ಮೇಲೆ ನನಗೆ ತುಂಬು ಗೌರವವಿದೆ. ಅದೇ ಈಜನ್ನು ಮೈ ಗಟ್ಟಿಮಾಡುವ ವ್ಯಾಯಾಮವೆಂದು ಹೊಗಳುವಾಗ ಮಾತ್ರ ಸ್ವಲ್ಪ ತಡೆದು ನೋಡಬೇಕೆನಿಸುತ್ತದೆ.

ಬಾವಿಯಲ್ಲಿ ಕಲಿತವರು ಹೆಚ್ಚಾಗಿ ತಲೆಯನ್ನು ನೀರಿನ ಮೇಲೆಯೇ ಹಿಡಿದು ಈಜುತ್ತಾರೆ. ತಲೆ ಮೇಲೆದ್ದಷ್ಟೂ ಸೊಂಟ ಕೆಳಗೆ ಜಾರುತ್ತದೆ. ಗಾಳಿಗಿಂತ ಸುಮಾರು 800 ಪಟ್ಟು ದಟ್ಟವಾದ ನೀರು ಇಳಿಬಿದ್ದ ಕಾಲುಗಳನ್ನು ಹಿಂದಕ್ಕೆ ಎಳೆಯುತ್ತದೆ. ಕತ್ತು ಸೋತು, ಬೇಗನೆ ಏದುಸಿರು ಹತ್ತುತ್ತದೆ. ಮುಖವನ್ನು ನೀರಿನೊಳಗಿಟ್ಟು ಉಸಿರು ಬಿಡುವುದು, ಪಕ್ಕಕ್ಕೆ ಹೊರಳಿ ಎಳೆದುಕೊಳ್ಳುವುದು ಬಂದರೆ ಅದೇ ಮನುಷ್ಯ ಅರ್ಧ ಗಂಟೆ ಒಂದೇ ಸಮ ಈಜಬಲ್ಲ. ಹೃದಯಕ್ಕೂ ಶ್ವಾಸಕೋಶಕ್ಕೂ ಇಂಥ ಬಿಡುವಿಲ್ಲದ ದುಡಿಮೆಯಿಂದ ಒಳ್ಳೆಯ ಲಾಭ ದಕ್ಕುತ್ತದೆ. ಏರಿಯಿಂದ ಡೈವ್ ಹೊಡೆದು, ಆಚೆ ದಡ ಮುಟ್ಟಿ ಬಂದು ಬಿಸಿಲಿಗೆ ಕೂರುವುದರ ಖುಷಿ ದೊಡ್ಡದು, ಕಸರತ್ತು ಚಿಕ್ಕದು.

ಇನ್ನು ನೇಮದ ಮಾತು. ವಾರಕ್ಕೆ ಕಡಿಮೆಯೆಂದರೂ 150 ನಿಮಿಷದ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ನೇಮವಾಗಿ ಈಜಲು ಇಲ್ಲಿ ನೀರೆಲ್ಲಿದೆ? ನಮ್ಮ ನಾಲೆಗೆ ಕೆಆರ್‌ಎಸ್ ಅಣೆಕಟ್ಟೆಯ ನೀರು ಬರುವುದು ಬೆಳೆಯ ಲೆಕ್ಕಕ್ಕೆ; ಕೊರತೆಯ ವರ್ಷಗಳಲ್ಲಂತೂ ಸರದಿಯ ಮೇಲೆ ನೀರು ಬಿಡುವ ಕಟ್ಟು ಪದ್ಧತಿ. ಬೋರ್‌ವೆಲ್ ಬಂದ ಮೇಲೆ ತೆರೆದ ಬಾವಿಗಳು ಒಣಗಿದವು. ಶಿಂಷೆಯಲ್ಲಿ ಮರಳು ತೆಗೆದ ಗುಂಡಿಗಳ ಆಳ ಮೇಲಿನಿಂದ ಕಾಣದು. ಕಾಂಕ್ರೀಟ್ ಹಾಕಿದ ನಾಲೆಯ ಇಳಿಜಾರಿನಲ್ಲಿ ಪಾಚಿ ಕಟ್ಟಿದರೆ ಹತ್ತಿ ಬರಲು ಹಿಡಿತವೇ ಸಿಗದು. ಕಾವೇರಿ ದಡದ ಮುತ್ತತ್ತಿಯ ಸುಳಿಗಳಿಗೆ ಈಜು ಬಲ್ಲವರೂ ಸಿಕ್ಕಿದ್ದಾರೆ. ಇಂಥ ಕಡೆ ದಿನವೂ ಈಜಿ ಎಂದು ನಾನು ಯಾರಿಗೂ ಹೇಳಲಾರೆ.

ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಈಜಿನಿಂದ ಯಾರಿಗೆ ಅತಿ ಹೆಚ್ಚು ಉಪಕಾರವೋ ಅವರೇ ದಡದಲ್ಲಿ ಉಳಿದಿದ್ದಾರೆ. ವರ್ಷಗಟ್ಟಲೆ ಕೆಸರುಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿ, ಹುಲ್ಲಿನ ಹೊರೆ ಹೊತ್ತ ಹೆಂಗಸರಿಗೆ ಐವತ್ತಕ್ಕೆಲ್ಲ ಮಂಡಿ ನೋವು, ಜೊತೆಗೆ ಶುಗರ್. ವಾಕಿಂಗ್ ಮಾಡಿ ಎನ್ನುತ್ತಾರೆ ವೈದ್ಯರು, ನಡೆದರೆ ಮಂಡಿ ಊದುತ್ತದೆ. ಸೊಂಟಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲಿನ ಭಾರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಎದೆಮಟ್ಟದಲ್ಲಿ ಇನ್ನೂ ಕಡಿಮೆ. ಕೀಲಿಗೆ ಪೆಟ್ಟಿಲ್ಲದೆ ತೋಳು, ಬೆನ್ನು, ತೊಡೆ ಎಲ್ಲವೂ ಒಟ್ಟಿಗೆ ದುಡಿಯುವ ಇಂಥ ವ್ಯಾಯಾಮ ಬೇರೊಂದು ಕಾಣೆ. ಆದರೆ ಹೊಳೆಯ ದಡದಲ್ಲಿ ಬಟ್ಟೆ ಒಗೆದು ಕೈ ಸವೆಸಿಕೊಂಡ ಆಕೆಗೆ ಅದೇ ನೀರಿನಲ್ಲಿ ಈಜಬಹುದೆಂದು ಯಾರೂ ಹೇಳಿಲ್ಲ.

ಈಜಿಗೂ ಮಿತಿಗಳಿವೆ. ದೇಹದ ಭಾರವನ್ನು ನೀರೇ ಹೊರುವುದರಿಂದ ಮೂಳೆ ಗಟ್ಟಿಯಾಗಲು ಈಜೊಂದೇ ಸಾಲದು. ಕೂತು ಕೆಲಸ ಮಾಡುವವರಿಗೆ ನಡಿಗೆಯೋ ಭಾರ ಎತ್ತುವುದೋ ಜೊತೆಗೆ ಬೇಕು. ತೂಕ ಇಳಿಸಲೆಂದೇ ಬಂದವರು ತಣ್ಣೀರಿನಿಂದ ಎದ್ದಾಗಿನ ಹಸಿವಿಗೆ ಒಂದೆರಡು ಮದ್ದೂರು ವಡೆ ತಿಂದರೆ ಈಜಿದ್ದು ಅಲ್ಲಿಗೇ ಸರಿಹೋಗುತ್ತದೆ. ಮಂಡಿ ನೋವಿರುವವರು ಕಪ್ಪೆಯಂತೆ ಕಾಲು ಒದೆಯುವ ಬ್ರೆಸ್ಟ್‌ಸ್ಟ್ರೋಕ್ ಬಿಟ್ಟು, ಅಂಗಾತ ಈಜುವುದು ಲೇಸು.

ಹಾಗಾದರೆ ದಡದಲ್ಲಿ ಉಳಿದ ಹೆಂಗಸರು ಈಜುವುದೆಲ್ಲಿ? ಅದಕ್ಕೊಂದು ಕೊಳ ಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಶ್ರೀಹರಿ ನಟರಾಜ್ ಮತ್ತು 14 ವರ್ಷದ ಧಿನಿಧಿ ದೇಸಿಂಗು ಈಜಿದ್ದು ಹೆಮ್ಮೆಯ ಸಂಗತಿ. ಆದರೆ ಈಜುಕೊಳ ಎಂದೊಡನೆ ಪದಕ, 50 ಮೀಟರ್ ಉದ್ದ, ಕೋಟಿಗಳ ಅಂದಾಜುಪಟ್ಟಿ ಎಂದೇ ಯೋಚಿಸಿದರೆ ತಾಲ್ಲೂಕು ಕೇಂದ್ರಗಳಿಗೆ ಅದು ಎಂದೂ ಬಾರದು. ಮದ್ದೂರಿಗೂ ಮಳವಳ್ಳಿಗೂ 25 ಮೀಟರ್ ಉದ್ದದ, ನಾಲ್ಕಡಿಗಿಂತ ಹೆಚ್ಚು ಆಳವಿಲ್ಲದ ಕೊಳ ಸಾಕು. ನೀರು ಶುದ್ಧವಾಗಿರಬೇಕು, ಕಲಿಸಲು ಹೆಂಗಸೊಬ್ಬರು ಇರಬೇಕು, ಚೂಡಿದಾರದಂಥ ಮೈಮುಚ್ಚುವ ಈಜುಡುಗೆಗೆ ಅಡ್ಡಿಯಿರಬಾರದು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲಿನ ಒಂದು ಗಂಟೆಯನ್ನು ಈ ಹೆಂಗಸರಿಗೇ ಮೀಸಲಿಡಬೇಕು.